ಅಂಚಿನಲ್ಲಿದ್ದ ಕತ್ತು ನೋವು

ಫೆಬ್ರವರಿ 3, ಸೋಮವಾರ

ಕೆಲಸದ ಮೊದಲ ದಿನವೇ ಒಂದು ಸ್ಟಾಪು ಮುಂದೆ ಹೋಗಿ ಇಳಿದೆ. "ನಿಲ್ಲಿಸಿ" ಎಂದು ಕೂಗಬೇಕಿತ್ತು. ಬೇರೆ ಯಾರಾದರೂ ಕೂಗುತ್ತಾರೆ ಎಂದು ಕಾದೆ. ಅಲ್ಲಿ ಇಳಿಯುವವಳು ನಾನೊಬ್ಬಳೇ ಆಗಿದ್ದೆ. ಹತ್ತು ನಿಮಿಷ ಹಿಂದಕ್ಕೆ ನಡೆದೆ.

ಪ್ರಯೋಗಾಲಯ ಎಂದರೆ ದೊಡ್ಡ ಕಟ್ಟಡ ಎಂದುಕೊಂಡಿದ್ದೆ. ಇರುವುದು ಉದ್ದನೆಯ ಒಂದು ತಣ್ಣನೆಯ ಕೋಣೆ, ಪಕ್ಕದಲ್ಲಿ ಗಾಜಿನ ಗೋಡೆಯ ಒಂದು ಗೂಡು. ಗೂಡು ನನ್ನದು. ಗಾಜಿನಾಚೆ ಉಕ್ಕಿನ ಮೇಜು, ಅದರ ಮೇಲೆ ಸುರುಳಿ ಸುತ್ತಿದ ಕೂದಲೆಳೆಯಂಥ ಗಾಜಿನ ದಾರ. ಅದೇ ಲೇಸರಂತೆ. ನಾನು ಸಿನಿಮಾದಲ್ಲಿ ಬರುವಂಥ ಕೆಂಪು ಗೆರೆ ಕಾಣುತ್ತದೆ ಎಂದು ಅರ್ಧ ಗಂಟೆ ನೋಡಿದೆ. ಈ ಬೆಳಕು ಕಣ್ಣಿಗೆ ಕಾಣುವುದೇ ಇಲ್ಲ ಎಂದು ಆಮೇಲೆ ತಿಳಿಯಿತು.

ಇಲ್ಲಿನ ಮುಖ್ಯಸ್ಥರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಾರೆ. ಹಿಂದೆ ಪಾಠ ಹೇಳುತ್ತಿದ್ದರಂತೆ. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮೇಜಿನ ಮೇಲೆಲ್ಲ ಕನ್ನಡಕ ಹುಡುಕುತ್ತಾರೆ. "ಸಾಹಿತ್ಯ ಓದಿದವರಿಗೆ ಎಂಥ ಕೈಬರಹವೂ ಓದೋಕೆ ಬರುತ್ತೆ, ಅದಕ್ಕೇ ನಿಮ್ಮನ್ನ ತಗೊಂಡಿದ್ದು" ಎಂದರು. ಇಪ್ಪತ್ತೊಂದು ಹಳೆಯ ದಾಖಲೆ ಪುಸ್ತಕಗಳಲ್ಲಿರುವುದನ್ನು ನಾನು ಕಂಪ್ಯೂಟರಿಗೆ ಇಳಿಸಬೇಕು. "ಅಂಕಿ ಮಾತ್ರ. ಅಂಚಿನಲ್ಲಿ ಏನೇನೋ ಗೀಚಿರುತ್ತೆ, ಅದೆಲ್ಲ ಬೇಡ."

ಸರಿ ಸರ್ ಎಂದೆ. ಇಡೀ ದಿನದಲ್ಲಿ ನಾನು ಆಡಿದ ಮಾತು ಅಷ್ಟೇ.

ಫೆಬ್ರವರಿ 5, ಬುಧವಾರ

ಇಂಜಿನಿಯರ್‌ಗೆ ನಾನಿಟ್ಟ ಹೆಸರು ಗ್ರಾಫಪ್ಪ. ಏನು ಹೇಳಿದರೂ "ಗ್ರಾಫ್ ಹಾಕಿ ನೋಡೋಣ" ಎನ್ನುತ್ತಾನೆ. ಇಲ್ಲಿಗೆ ಬಂದು ಎಂಟು ತಿಂಗಳಾಗಿದೆಯಂತೆ. ನನ್ನನ್ನು "ಏನ್ ಕವಿಗಳೇ" ಎಂದು ಕರೆಯುತ್ತಾನೆ. ನಾನು ಒಂದು ಕವನವನ್ನೂ ಬರೆದವಳಲ್ಲ. ತಿದ್ದಬೇಕೆಂದು ಎರಡು ದಿನದಿಂದ ಅಂದುಕೊಳ್ಳುತ್ತಿದ್ದೇನೆ.

ಅವನೇ ವಿವರಿಸಿದ. ಗಾಜಿನ ದಾರದೊಳಗೆ ನೂರು ಪಾಲು ಬೆಳಕು ತುಂಬಿದರೆ ಲೇಸರಾಗಿ ಹೊರಗೆ ಬರುವುದು ಮೂವತ್ತು ಚಿಲ್ಲರೆ ಪಾಲು. ಉಳಿದದ್ದು ಬಿಸಿಯಾಗಿಯೋ ಸೋರಿಯೋ ಹೋಗುತ್ತದೆ. ಸಾಮಾನ್ಯ ಲೇಸರಾದರೆ ಇದಕ್ಕಿಂತ ಎಷ್ಟೋ ಚೆನ್ನಾಗಿ ದುಡಿಯುತ್ತದೆ. ಇವರದು ಅತಿ ಕಿರಿದಾದ ಒಂದೇ ಬಣ್ಣದ ಬೆಳಕು ಕೊಡಬೇಕಾದದ್ದು, ಅದಕ್ಕೇ ಇಷ್ಟು ಹಟ. ಮಾರ್ಚ್ ಹತ್ತಕ್ಕೆ ಪರಿಶೀಲನೆಯವರು ಬರುತ್ತಾರೆ. ಅಷ್ಟರೊಳಗೆ ನಲವತ್ತು ಮುಟ್ಟಬೇಕು.

ಅಂಚಿನ ಸಾಲುಗಳನ್ನು ಬಿಡಬೇಕು ಎಂದಿದ್ದಾರೆ. ಆದರೆ ಆ ಪುಸ್ತಕಗಳಲ್ಲಿ ಓದುವಂಥದ್ದು ಅವಷ್ಟೇ. ಎಲ್ಲ ಒಂದೇ ಕೈಬರಹ, ಬೆಸುಗೆ ಅಕ್ಕನದು. ಗಾಜಿನ ದಾರದ ತುಂಡುಗಳನ್ನು ಒಂದಕ್ಕೊಂದು ಬೆಸೆಯುವವಳು ಅವಳೇ, ಇಪ್ಪತ್ತೆರಡು ವರ್ಷದಿಂದ. ಸಂಜೆ ಅಂಕಿಗಳನ್ನು ಬರೆದು ಪಕ್ಕದಲ್ಲಿ ಒಂದು ಸಾಲು ಗೀಚಿ ಮನೆಗೆ ಹೋಗುತ್ತಾಳೆ. ಅವನ್ನು ತಾರೀಖಿನ ಸಮೇತ ಇಲ್ಲಿ ಇಳಿಸಿಕೊಳ್ಳುತ್ತಿದ್ದೇನೆ, ನನ್ನ ಖುಷಿಗೆ.

ಜೂನ್ 9: ಮೂರು ಬೆಸುಗೆ. ಕತ್ತು ನೋವು.
ಜೂನ್ 10: ಕತ್ತು ನೋವು. ಮಗಳ ಪರೀಕ್ಷೆ.
ಜೂನ್ 11: ನೋವಿಲ್ಲ. ಇಲಿ ಬಂದಿತ್ತು. ತಂತಿ ಕಡಿದಿಲ್ಲ, ಪುಣ್ಯ.
ಜೂನ್ 12: ಮತ್ತೆ ಕತ್ತು.

ಈ ಅಕ್ಕನ ಕತ್ತು ಒಂದು ಧಾರಾವಾಹಿ. ನಾಳೆ ನೋಯುತ್ತದೋ ಇಲ್ಲವೋ ಎಂಬ ಕುತೂಹಲದಲ್ಲೇ ಪುಟ ತಿರುಗಿಸುತ್ತೇನೆ.

ಫೆಬ್ರವರಿ 12, ಬುಧವಾರ

ಹದಿನಾಲ್ಕು ಪುಸ್ತಕ ಮುಗಿಯಿತು. ಈ ದಿನಚರಿಯ ಮೂವತ್ತೆರಡು ಪುಟ ಅಕ್ಕನ ಕತ್ತಿಗೇ ಹೋಗಿದೆ.

ಲೇಸರು ನಿಲ್ಲಿಸಿದ್ದ ಹೊತ್ತಿನಲ್ಲಿ ಅಕ್ಕ ಗಾಜಿನ ಮೇಲೆ ಬೆರಳಿನಿಂದ ಬಡಿದು ಕರೆದಳು. "ಬಾ, ಬರೀ ಅಂಕಿ ಹೊಡೆದು ಹೊಡೆದು ಕಣ್ಣು ಹೋಗುತ್ತೆ. ಅದು ಹುಟ್ಟೋದು ಹೇಗೆ ನೋಡು."

ದಾರದ ಮೇಲಿನ ಪೊರೆ ಸುಲಿದಳು. ಒರೆಸಿದಳು. ವಜ್ರದ ಅಲಗಿನಿಂದ ತುದಿ ಕತ್ತರಿಸಿದಳು. ಎರಡು ತುದಿಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಎದುರುಬದುರು ಇಟ್ಟು ಸಣ್ಣದೊಂದು ಕಿಡಿ ಹಾರಿಸಿದಳು. ಎರಡು ಒಂದಾಯಿತು, ಗಂಟೂ ಇಲ್ಲ, ಗುರುತೂ ಇಲ್ಲ.

"ನೀವು ಉಸಿರು ಹಿಡ್ಕೊಳ್ಳಲ್ವಾ ಅಕ್ಕ?" ಕೇಳಿಯೇಬಿಟ್ಟೆ.

"ಹಿಡ್ಕೊಂಡರೆ ಕೈ ನಡುಗುತ್ತೆ. ಬಿಡ್ತಾ ಬೆಸೀಬೇಕು. ನೀನು ನೋಡು, ಬಂದಾಗಿನಿಂದ ಹಿಡ್ಕೊಂಡೇ ಕೂತಿದೀಯ."

ಆ ಮೇಜಿನ ಹತ್ತಿರ ಗೋಡೆಯ ಎಸಿ ಕಿಂಡಿಯಿಂದ ಗಾಳಿ ಐಸಿನಂತೆ ಬೀಸುತ್ತದೆ. ಐದೇ ನಿಮಿಷಕ್ಕೆ ನನ್ನ ಕಿವಿ ಮರಗಟ್ಟಿತು.

ಫೆಬ್ರವರಿ 19, ಬುಧವಾರ

ಇಪ್ಪತ್ತೊಂದನೆಯ ಪುಸ್ತಕವನ್ನೂ ಮುಗಿಸಿ ಕೊಟ್ಟೆ. ಗ್ರಾಫಪ್ಪ ಸಂಜೆಯೊಳಗೆ ಗ್ರಾಫ್ ಹಾಕಿದ. ಎಲ್ಲರನ್ನೂ ಕರೆದು ಪರದೆಯ ಮೇಲೆ ತೋರಿಸಿದ. ಮೂವತ್ತೇಳು, ಮೂವತ್ತೇಳು, ಮೂವತ್ತೊಂದು, ಮೂವತ್ತೆಂಟು, ಮತ್ತೆ ಮೂವತ್ತು. ಹಳೆಯ ಗರಗಸದ ಹಲ್ಲಿನಂತಿತ್ತು.

"ಅದೇ ದಾರ, ಅದೇ ಮೇಜು" ಎಂದ. "ದಿನಾ ಬದಲಾಗೋದು ಒಂದೇ, ಬೆಸುಗೆ. ಒಂದು ದಿನ ಕೈ ಚೆನ್ನಾಗಿ ಕೂರುತ್ತೆ, ಇನ್ನೊಂದು ದಿನ ಕೂರಲ್ಲ. ತಪ್ಪು ಅಂತ ಹೇಳ್ತಿಲ್ಲ. ವಯಸ್ಸು."

ಅಕ್ಕ ನಿಧಾನವಾಗಿ ಹೇಳಿದಳು: "ನನ್ನ ಬೆಸುಗೇಲಿ ಸೋರಲ್ಲಪ್ಪ."

"ಗ್ರಾಫ್ ಹಾಗೆ ಹೇಳ್ತಿಲ್ವಲ್ಲ ಅಕ್ಕಾ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ, ಹಾಗಾಗಬಾರದು."

ಮೇಷ್ಟ್ರು ಕನ್ನಡಕ ಹುಡುಕುತ್ತಿದ್ದರು.

ಫೆಬ್ರವರಿ 20, ಗುರುವಾರ

ಬೆಸೆಯಲು ಯಂತ್ರ ಬಂದಿದೆ. ತಾನೇ ನೋಡಿಕೊಂಡು ತಾನೇ ಕೂಡಿಸುತ್ತದೆ. ಅಕ್ಕನನ್ನು ಹಿತ್ತಲ ಕಡೆಯ ಉಗ್ರಾಣಕ್ಕೆ ಹಾಕಿದ್ದಾರೆ, ಡಬ್ಬಗಳಿಗೆ ಚೀಟಿ ಅಂಟಿಸಲು.

ಫೆಬ್ರವರಿ 21, ಶುಕ್ರವಾರ

ಟೈಪು ಮಾಡಿದ್ದು ನಾನೇ.

ಫೆಬ್ರವರಿ 25, ಮಂಗಳವಾರ

ಯಂತ್ರ ಐದು ದಿನದಿಂದ ಬೆಸೆಯುತ್ತಿದೆ. ಮೂವತ್ತೊಂದು. ಮೂವತ್ತೊಂದು. ಮೂವತ್ತೊಂದು. "ಅಲುಗಾಟ ಇಲ್ಲ ನೋಡಿ" ಎಂದು ಗ್ರಾಫಪ್ಪ ಹೇಳುತ್ತಾನೆ. ಅವನ ಮುಖದಲ್ಲಿ ಸಂತೋಷ ಕಾಣುವುದಿಲ್ಲ. ಅಕ್ಕನ ಕೆಟ್ಟ ದಿನಗಳ ಅಂಕಿಯೇ ಯಂತ್ರದ ಎಲ್ಲ ದಿನಗಳ ಅಂಕಿ. ಇದು ನನಗೆ ವಿಚಿತ್ರವೆನಿಸಿತು. ಹೇಳುವಷ್ಟು ಗೊತ್ತಿಲ್ಲವಲ್ಲ ಎಂದು ಸುಮ್ಮನಾದೆ.

ಮನೆಯಲ್ಲೂ ಕೂರಲಾಗಲಿಲ್ಲ. ಬಾಗಿಲಿಗೂ ಕಿಟಕಿಗೂ ಓಡಾಡುತ್ತಿದ್ದರೆ ಚಿಕ್ಕಮ್ಮ ಹೊಲಿಗೆ ಯಂತ್ರ ನಿಲ್ಲಿಸಿ ಬೈದಳು. "ಏನೇ ಇದು, ಕಾಲಿಗೆ ಚಕ್ರ ಕಟ್ಟಿಕೊಂಡ ಹಾಗೆ. ಕೂತು ಈ ಅಳತೆ ಓದಿ ಹೇಳು, ನನಗೆ ಕತ್ತರಿ ಬಿಡೋಕಾಗಲ್ಲ."

ಓದಿದೆ. ಎದೆ ಮೂವತ್ತಾರು, ಉದ್ದ ಇಪ್ಪತ್ತೆಂಟು, ತೋಳು ಇಪ್ಪತ್ತಮೂರು.

"ಮುಂದಕ್ಕೆ?"

"ಅಷ್ಟೇ, ಅಂಕಿ ಮುಗೀತು."

"ಪಕ್ಕದಲ್ಲಿ ಏನೋ ಬರೆದಿರ್ತೀನಿ ನೋಡೇ."

ಪೆನ್ಸಿಲಿನಲ್ಲಿತ್ತು: ಎಡ ಭುಜ ಇಳಿದಿದೆ, ಚೀಲ ಹೊರುತ್ತಾರೆ.

"ಅದನ್ನೇ ಬಿಟ್ಟರೆ ಏನು ಓದಿದ ಹಾಗಾಯ್ತು? ಅಂಕಿ ನೋಡಿ ಹೊಲಿದರೆ ಗೊಂಬೆಗೆ ಆಗುತ್ತೆ ಅಂಗಿ, ಮನುಷ್ಯರಿಗಲ್ಲ."

ಚಿಕ್ಕಮ್ಮ ಮತ್ತೆ ಕತ್ತರಿ ಆಡಿಸಿದಳು. ನನ್ನ ಕೈ ಆ ಪುಟದ ಮೇಲೇ ನಿಂತಿತ್ತು.

ಫೆಬ್ರವರಿ 26, ಬುಧವಾರ

ಊಟದ ವಿರಾಮದಲ್ಲಿ ಈ ದಿನಚರಿಯನ್ನೂ ಗ್ರಾಫಪ್ಪನ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೂತೆ.

ಜೂನ್ 9, ಕತ್ತು ನೋವು, ಮೂವತ್ತೇಳು. ಜೂನ್ 10, ಕತ್ತು ನೋವು, ಮೂವತ್ತೇಳು. ಜೂನ್ 11, ನೋವಿಲ್ಲ, ಮೂವತ್ತೊಂದು. ಜೂನ್ 12, ಕತ್ತು, ಮೂವತ್ತೆಂಟು.

ಬೆರಳಿಟ್ಟು ಐವತ್ತು ದಿನ ನೋಡಿದೆ. ನಾಲ್ಕು ದಿನ ಮಾತ್ರ ತಾಳೆಯಾಗಲಿಲ್ಲ. ಅಕ್ಕನ ಕತ್ತು ನೊಂದ ದಿನವೆಲ್ಲ ಲೇಸರು ಚೆನ್ನಾಗಿ ಉರಿದಿದೆ.

ಇದನ್ನು ಯಾರಿಗೆ ಹೇಳಲಿ? ಹೇಳಿದರೆ ನಗುತ್ತಾರೆ. ನನಗೇ ನಗು ಬರುತ್ತಿದೆ. ಮೂಲ ಪುಸ್ತಕ ನೋಡೋಣವೆಂದು ಹೋದರೆ ಕಪಾಟು ಖಾಲಿ. ಟೈಪಾಗಿದೆಯಲ್ಲ ಎಂದು ಸೋಮವಾರವೇ ಚೂರು ಮಾಡಲು ಕಳಿಸಿದ್ದಾರೆ.

ಇಪ್ಪತ್ತೊಂದು ಪುಸ್ತಕದ ಅಂಚು ಈಗ ಉಳಿದಿರುವುದು ಇದರಲ್ಲಿ ಮಾತ್ರ, ಚಿಕ್ಕಮ್ಮನ ಮೇಲಿನ ನನ್ನ ದೂರುಗಳ ನಡುವೆ.

ಫೆಬ್ರವರಿ 28, ಶುಕ್ರವಾರ

ಉಗ್ರಾಣಕ್ಕೆ ಹೋದೆ. ಮೂರು ಸಲ ಬಾಗಿಲವರೆಗೆ ಹೋಗಿ ಬಂದು ನಾಲ್ಕನೆಯ ಸಲ ಒಳಗೆ. ಅಕ್ಕ ಚೀಟಿ ಅಂಟಿಸುತ್ತಿದ್ದಳು. ಗೆರೆ ಹಾಕಿದಷ್ಟು ನೇರವಾಗಿ.

"ಅಕ್ಕ, ನಿಮ್ಮ ಕತ್ತು ಹೇಗಿದೆ?"

ಅವಳು ನಕ್ಕಳು. "ಇಪ್ಪತ್ತೆರಡು ವರ್ಷಕ್ಕೆ ಇವತ್ತು ಒಬ್ಬರು ಕೇಳಿದರಪ್ಪ. ಇಲ್ಲಿ ಚೆನ್ನಾಗಿದೆ, ಗಾಳಿ ಇಲ್ಲ."

"ಅಲ್ಲಿ ನೋವು ಬಂದಾಗ ಏನು ಮಾಡ್ತಿದ್ರಿ?"

"ಏನ್ ಮಾಡೋದು. ಆ ಕಿಂಡಿಗೆ ಒಂದು ರಟ್ಟು ಅಡ್ಡ ಇಡ್ತಿದ್ದೆ. ಸಾಯಂಕಾಲ ತೆಗೆದು ಬೀರು ಹಿಂದೆ ಸಿಕ್ಕಿಸೋದು. ಮೇಜಿನ ಸುತ್ತ ಹೆಚ್ಚಿನ ಸಾಮಾನು ಇಡಬಾರದು ಅಂತ ರೂಲು, ಯಾರಾದ್ರೂ ನೋಡಿದ್ರೆ ಬೈತಾರೆ. ನೋವಿಲ್ಲದ ದಿನ ಯಾಕೆ ಬೈಸಿಕೊಳ್ಳಬೇಕು, ಇಡ್ತಿರಲಿಲ್ಲ." ಆಮೇಲೆ ನನ್ನನ್ನು ನೋಡಿದಳು. "ಯಾಕೆ ಕೇಳ್ತೀಯ?"

ನಾನು ಹೇಳಲಿಲ್ಲ. ಸುಮ್ಮನೆ ಎಂದೆ. ಖಚಿತವಾಗದೆ ಆಸೆ ಹುಟ್ಟಿಸಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಅದು ನಿಜವಲ್ಲ. ಹೆದರಿಕೆ.

ಮಾರ್ಚ್ 3, ಸೋಮವಾರ

ಮಾಡಿಬಿಟ್ಟೆ. ಯಾರಿಗೂ ಹೇಳಬೇಕಾಗದ ದಾರಿ ಒಂದಿತ್ತಲ್ಲ.

ಬೆಳಗ್ಗೆ ಲೇಸರು ಹಚ್ಚುವ ಮುಂಚೆ, ನೆಲ ಒರೆಸುವವರು ಬಾಗಿಲು ತೆರೆದಿದ್ದಾಗ ಒಳಗೆ ಹೋದೆ. ರಟ್ಟು ಬೀರುವಿನ ಹಿಂದೆ ಹಾಗೇ ಇತ್ತು, ಮೂಲೆಗೆ ಅಕ್ಕ ಕಟ್ಟಿದ ದಾರದ ಕುಣಿಕೆಯ ಸಮೇತ. ಕಿಂಡಿಯ ಮೊಳೆಗೆ ಸಿಕ್ಕಿಸಿದೆ. ಅಲ್ಲಿ ಯಾರೂ ತಲೆ ಎತ್ತಿ ನೋಡುವುದಿಲ್ಲ, ಎಲ್ಲರ ಕಣ್ಣೂ ಪರದೆಯ ಮೇಲೆ.

ಹತ್ತೂವರೆಗೆ ಮೂವತ್ತೇಳು ಪಾಯಿಂಟ್ ಎರಡು. ನಾನು ಗೂಡಿನಲ್ಲಿ ಕೂತು ಬಾಯಿಗೆ ಕೈ ಅಡ್ಡ ಹಿಡಿದುಕೊಂಡೆ.

ಗ್ರಾಫಪ್ಪ ಮೇಷ್ಟ್ರನ್ನು ಎಳೆದುಕೊಂಡು ಬಂದ. ಗಾಜಿನ ಬಾಗಿಲು ಅರ್ಧ ತೆರೆದಿತ್ತು, ಎಲ್ಲ ಕೇಳಿಸಿತು. "ನೋಡಿ ಸರ್, ಯಂತ್ರ ಪಳಗಿತು. ನಾನು ಹೇಳಿರಲಿಲ್ವಾ, ಕೈಯದೇ ತೊಂದರೆ ಅಂತ."

ಮೇಷ್ಟ್ರು ತುಂಬ ಹೊತ್ತು ಪರದೆ ನೋಡಿದರು. "ಹಾಗಾದ್ರೆ ಆಕೆ ನಿವೃತ್ತಿ ಕಾಗದಕ್ಕೆ ರುಜು ಹಾಕ್ತೀನಿ. ಉಗ್ರಾಣದಲ್ಲಿ ಕೂರಿಸಿ ಅವಮಾನ ಮಾಡೋದಕ್ಕಿಂತ ಮನೇಲಿ ಗೌರವವಾಗಿ ಇರಲಿ. ಮಾರ್ಚ್ ಏಳಕ್ಕೆ ಕೊನೇ ದಿನ ಅಂತ ಬರೀತೀನಿ."

ಅಕ್ಕನನ್ನು ಉಳಿಸಲು ಇಟ್ಟ ರಟ್ಟು ಅಕ್ಕನನ್ನೇ ಮನೆಗೆ ಕಳಿಸಿತು.

ಮಾರ್ಚ್ 4, ಮಂಗಳವಾರ

ರಟ್ಟು ತೆಗೆದರೆ ಅಂಕಿ ಬೀಳುತ್ತದೆ. ಯಂತ್ರ ಕೆಟ್ಟಿತು ಎನ್ನುತ್ತಾರೆ, ಇನ್ನೊಂದು ಯಂತ್ರ ತರಿಸುತ್ತಾರೆ. ಬಿಟ್ಟರೆ ಶುಕ್ರವಾರ ಅಕ್ಕ ಮನೆಗೆ.

ಮಾರ್ಚ್ 5, ಬುಧವಾರ

ಹೇಳಬೇಕು. ಹೇಳಿದರೆ ಮೇಷ್ಟ್ರು ಕೇಳುವ ಮೊದಲ ಪ್ರಶ್ನೆ ಗೊತ್ತು: ಎಲ್ಲಿ ಬರೆದಿದೆ? ಅಂಚಿನ ಸಾಲುಗಳ ಪುಟಗಳನ್ನು ಮಾತ್ರ ಹರಿದು ಕೊಡಬಹುದೇ ಎಂದು ನೋಡಿದೆ. ಆಗುವುದಿಲ್ಲ. ಒಂದು ಬದಿಯಲ್ಲಿ ಅಕ್ಕನ ಕತ್ತು, ಅದರ ಬೆನ್ನಿಗೇ ಮೇಷ್ಟ್ರ ಕನ್ನಡಕ, ಗ್ರಾಫಪ್ಪ, ನನ್ನ ಬಸ್ ಸ್ಟಾಪು. ಬೇರೆ ಹಾಳೆಗೆ ಇಳಿಸಿ ಕೊಟ್ಟರೆ ನಿನ್ನೆ ಕೂತು ಹುಟ್ಟಿಸಿದ್ದು ಎನ್ನುತ್ತಾರೆ.

ಬೆಳಗ್ಗೆ ಕೊಡುತ್ತೇನೆ. ಇದನ್ನು ಓದುತ್ತಿರುವವರು ನೀವಾದರೆ, ಸರ್, ಕನ್ನಡಕ ನಿಮ್ಮ ಹಣೆಯ ಮೇಲಿರಬಹುದು.

ಮಾರ್ಚ್ 6, ಗುರುವಾರ

ಇದು ಚಿಕ್ಕಮ್ಮನ ಹಳೆಯ ಅಳತೆ ಪುಸ್ತಕ. ಹಿಂದಿನ ಪುಟಗಳು ಖಾಲಿ ಇದ್ದವು. ನನ್ನದು ಮೇಷ್ಟ್ರ ಹತ್ತಿರವಿದೆ.

ಇವತ್ತು ಬಸ್ಸು ನಿಲ್ಲಿಸದೆ ಹೊರಟಿತ್ತು, ಕೂಗಿ ನಿಲ್ಲಿಸಿ ಇಳಿದೆ. ತಡವಾದರೆ ಧೈರ್ಯ ಹೋಗುತ್ತದೆ ಎಂಬ ಅವಸರ. ನೇರ ಮೇಷ್ಟ್ರ ಮೇಜಿಗೆ ಹೋದೆ. ಗ್ರಾಫಪ್ಪನೂ ಅಲ್ಲೇ ಇದ್ದ. ಮೂವತ್ತೇಳಕ್ಕೆ ಏರಿಸಿದ್ದು ಯಂತ್ರವಲ್ಲ, ಸೋಮವಾರ ನಾನು ಇಟ್ಟ ರಟ್ಟು ಎಂದೆ. ಒಳಗೆ ಹೋಗಬಾರದಿತ್ತು, ಹೋದೆ ಎಂದೆ. ಅಂಚಿನ ಸಾಲು ಬಿಟ್ಟಿದ್ದು ನಾನೇ ಎಂದೂ ಹೇಳಿದೆ. ಮಾತು ಒಂದರ ಮೇಲೊಂದು ಬಿದ್ದು ಬಂತು.

"ಕತ್ತು ನೋವಾದರೆ ಲೇಸರ್ ಚೆನ್ನಾಗಿ ಉರಿಯುತ್ತಾ?" ಗ್ರಾಫಪ್ಪ ನಕ್ಕ. "ಕವಿಗಳೇ, ಎಲ್ಲರ ಕತ್ತೂ ಹಿಸುಕಿ ನೂರಕ್ಕೆ ತರೋಣ ಬಿಡಿ."

"ನಾನು ಕವಿ ಅಲ್ಲ" ಎಂದೆ.

ಮೇಷ್ಟ್ರು ನಗಲಿಲ್ಲ. "ಎಲ್ಲಿ ಬರೆದಿದೆ?" ಎಂದರು. ಪುಸ್ತಕ ಕೊಟ್ಟೆ. ಎದುರಿಗೇ ಓದಿದರು, ಮೊದಲ ಪುಟದಿಂದ. ಒಂದು ಕಡೆ ಕೈ ತಾನಾಗಿ ಹಣೆಗೆ ಹೋಯಿತು. ಕನ್ನಡಕ ಅಲ್ಲಿರಲಿಲ್ಲ, ಮೂಗಿನ ಮೇಲೇ ಇತ್ತು. ಆಮೇಲೆ ಪುಸ್ತಕವನ್ನು ಗ್ರಾಫಪ್ಪನ ಕಡೆ ತಳ್ಳಿ, "ಇದನ್ನ ಗ್ರಾಫ್ ಹಾಕು" ಎಂದರು. ಅವನು ಓದುತ್ತ ಓದುತ್ತ ಕಿವಿಯವರೆಗೆ ಕೆಂಪಾದ. ತನ್ನ ಹೆಸರು ಸಿಕ್ಕಿರಬೇಕು.

ಮಧ್ಯಾಹ್ನ ಮೂವರೂ ಒಳಗೆ ಹೋದೆವು. ರಟ್ಟು ತೆಗೆದರು. ಅರ್ಧ ಗಂಟೆಗೆ ಮೂವತ್ತೊಂದು. ಇಟ್ಟರು, ಮೂವತ್ತೇಳು. ತೆಗೆದರು, ಮೂವತ್ತೊಂದು. ನಾಲ್ಕನೆಯ ಸಲಕ್ಕೆ ಗ್ರಾಫಪ್ಪ ಮೇಜಿನ ತುದಿಯಲ್ಲಿ ಮಂಡಿಯೂರಿದ.

"ಹಿಂದಿನ ಕನ್ನಡಿ" ಎಂದ, ಯಾರಿಗೆ ಎಂದಿಲ್ಲದೆ. ದಾರದ ಎರಡು ತುದಿಗೆ ಎರಡು ಕನ್ನಡಿಗಳಂತೆ, ದಾರದೊಳಗೇ ಕೊರೆದದ್ದು. ಎರಡೂ ಒಂದೇ ಬಣ್ಣವನ್ನು ಹಿಡಿಯಬೇಕು. ಹಿಂದಿನದು ಸರಿಯಾಗಿ ಕಿಂಡಿಯ ಕೆಳಗಿದೆ. ತಣ್ಣಗಾದರೆ ಅದು ಹಿಡಿಯುವ ಬಣ್ಣ ಒಂದಿಷ್ಟು ಸರಿಯುತ್ತದೆ, ಬೆಳಕು ಹಿಂಬದಿಯಿಂದ ಸೋರಿ ಹೋಗುತ್ತದೆ. "ಅಗಲ ಬಣ್ಣದ ಲೇಸರ್ ಆಗಿದ್ರೆ ಇಷ್ಟು ಸರಿದರೆ ಗೊತ್ತೇ ಆಗ್ತಿರಲಿಲ್ಲ. ನಮ್ಮದು ಸೂಜಿ ಕಣ್ಣು."

"ಹಿಂದೆ ಎಷ್ಟು ಸೋರುತ್ತೆ ಅಂತ ಅಳೆಯೋ ಮೀಟರ್ ಏನಾಯ್ತು?" ಮೇಷ್ಟ್ರು ಕೇಳಿದರು.

"ನಾನು ಬರೋಕೆ ಮುಂಚೆಯೇ ರಿಪೇರಿಗೆ ಹೋಗಿದೆಯಂತೆ ಸರ್."

ಮೇಷ್ಟ್ರು ಅಕ್ಕನ ಕಾಗದವನ್ನು ಎರಡಾಗಿ ಹರಿದು ಜೇಬಿಗೆ ಹಾಕಿಕೊಂಡರು. ನನ್ನ ಪುಸ್ತಕಕ್ಕೆ ಮುದ್ರೆ ಒತ್ತಿ ನಂಬರು ಕೊಟ್ಟರು: ದಾಖಲೆ 22. ವಾಪಸು ಸಿಗುವುದಿಲ್ಲವಂತೆ.

ಮಾರ್ಚ್ 10, ಸೋಮವಾರ

ಪರಿಶೀಲನೆಯವರು ಬಂದು ಹೋದರು. ಮೂವತ್ತೇಳು ಪಾಯಿಂಟ್ ನಾಲ್ಕು. ನಲವತ್ತಕ್ಕೆ ಇನ್ನು ಮೂರು ವಾರ ಕೊಟ್ಟಿದ್ದಾರೆ. ಗ್ರಾಫಪ್ಪನೇ ಅವರಿಗೆ ದಾಖಲೆ 22 ತೋರಿಸಿದನಂತೆ, ತನ್ನ ಹೆಸರಿರುವ ಪುಟ ಸಮೇತ.

ಅಕ್ಕನನ್ನು ಮೇಷ್ಟ್ರೇ ಹೋಗಿ ಕರೆದರು. ಆ ಪುಸ್ತಕ ಮೊದಲು ಓದಬೇಕು ಎಂದಳು. ನನ್ನ ಗೂಡಿನಲ್ಲೇ ಕೂತು ಓದಿದಳು. ನಾನು ಕೈ ಮಡಚಿಕೊಂಡು ನಿಂತಿದ್ದೆ.

"ಧಾರಾವಾಹಿ" ಎಂದು ಒಂದು ಕಡೆ ಬೆರಳಿಟ್ಟಳು. ಸಿಟ್ಟಿನಿಂದಲ್ಲ. ಡಬ್ಬದ ಮೇಲಿನ ಚೀಟಿ ಓದುವಂತೆ. "ನಾನು ನೋವು ಅಂತ ಬರೀತಿದ್ದೆ. ನೀನು ಕಥೆ ಅಂತ ಓದ್ತಿದ್ದೆ."

ಹೂಂ ಎಂದೆ. ಸುಳ್ಳು ಹೇಳಲು ಜಾಗವಿರಲಿಲ್ಲ.

"ಹೋಗಲಿ. ಓದಿದೆಯಲ್ಲ." ಪುಸ್ತಕ ಮುಚ್ಚಿದಳು. ಆದರೆ ಎದ್ದು ಮೇಜಿನ ಕಡೆ ಹೋಗಲಿಲ್ಲ, ಉಗ್ರಾಣಕ್ಕೆ ಹೋದಳು.

ಮಾರ್ಚ್ 12, ಬುಧವಾರ

ಅಕ್ಕ ಮೇಜಿಗೆ ಬರಲಿಲ್ಲ. ಗ್ರಾಫಪ್ಪ ಎರಡು ಸಲ ಉಗ್ರಾಣಕ್ಕೆ ಹೋಗಿ ಬಂದ. ನೆಲ ಡೊಂಕೇ ಇತ್ತು ಅಕ್ಕ ಎಂದು ಹೇಳಿದನಂತೆ. ಕಿಂಡಿಗೆ ಬಾಗಿಸಿದ ತಗಡಿನ ಮರೆ ಮಾಡಿಸಿ ತಂದಿದ್ದಾನೆ. ಗಾಳಿ ಈಗ ಮೇಲಕ್ಕೆ ಹೋಗುತ್ತದೆ.

ಮಾರ್ಚ್ 14, ಶುಕ್ರವಾರ

ಬೆಳಗ್ಗೆ ಗಾಜಿನ ಮೇಲೆ ಬೆರಳು ಬಡಿಯಿತು. "ಪೆನ್ನು ತಗೊಂಡು ಬಾ. ಯಂತ್ರದ ಬೆಸುಗೆ ಎಲ್ಲ ಬಿಚ್ಚಿ ನಾನೇ ಹಾಕ್ತೀನಿ. ನೀನು ಬರಿ."

ಐದು ಬೆಸುಗೆಗಳಲ್ಲಿ ನಾಲ್ಕು ಇವತ್ತು ಮುಗಿದವು. ಅಕ್ಕ ಉಸಿರು ಬಿಡುತ್ತ ಬೆಸೆದಳು. ನಾನೂ ಅವಳ ಜೊತೆಗೇ ಬಿಡುತ್ತಿದ್ದೆ ಎಂದು ಗ್ರಾಫಪ್ಪ ಆಮೇಲೆ ಅಣಕಿಸಿದ. ಸಂಜೆ ಲೇಸರು ಹಚ್ಚಿದರು. ಗ್ರಾಫಪ್ಪ ಪರದೆಯ ಮುಂದೆ ಕೂತ.

"ಹೇಳಪ್ಪ" ಎಂದಳು ಅಕ್ಕ.

"ಮೂವತ್ತೊಂಬತ್ತು ಪಾಯಿಂಟ್ ಎಂಟು."

ಬರೆದೆ. ಇನ್ನೊಂದು ಬೆಸುಗೆ ನಾಳೆ ಹಾಕುತ್ತಾಳೆ. ದಾಖಲೆ ಪುಸ್ತಕ ಮುಚ್ಚಲು ಹೋದರೆ ಅಕ್ಕ ನನ್ನ ಕೈ ತಡೆದು ಅಂಚಿನ ಕಡೆ ಗಲ್ಲದಿಂದ ಸನ್ನೆ ಮಾಡಿದಳು.

"ಅದನ್ನೂ ಬರಿ. ಕತ್ತು ನೋವಿಲ್ಲ."